ಆಸ್ಪರಾಗಸ್: ಕೊಳ್ಳುವವರು, ಬೇಯಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಆಸ್ಪರಾಗಸ್ ತಂದಾಗ ಅದನ್ನು ಹುರುಳಿಕಾಯಿ ಹೆಚ್ಚಿದ ಹಾಗೆ ಹೆಚ್ಚಿ, ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಒಳಗೆ ಹಸಿರು ಗಂಜಿ, ಅದರ ನಡುವೆ ನಾರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಏನಮ್ಮಾ ಇದು, ಹಸುವಿಗೆ ಹಾಕೋ ಹುಲ್ಲು ಬೇಯಿಸಿದ್ದೀಯಾ?" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಕಲಿತೆ. ಈಗ ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಯಾರ ಮನೆಗೆ ಈ ಕಟ್ಟು ಬಂದರೂ ಫೋನ್ ನನಗೆ ಬರುತ್ತದೆ. ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ: ಇದು ಕೊಯ್ದ ಮೇಲೂ ಸುಮ್ಮನೆ ಕೂರುವ ತರಕಾರಿ ಅಲ್ಲ.

ಇದು ಕಾಯಿಯೋ, ಸೊಪ್ಪೋ, ದಂಟೋ?

ಚಿಗುರು. ಮಲೆನಾಡಿನವರಿಗೆ ಒಂದೇ ಮಾತಲ್ಲಿ ಹೇಳಬಹುದು, ಕಳಲೆಯ ಹಾಗೆ. ಬಿದಿರು ಮಳೆಗಾಲದಲ್ಲಿ ನೆಲದಿಂದ ಮೊಳಕೆ ಎಬ್ಬಿಸುತ್ತದೆ, ಅದು ಗಟ್ಟಿಯಾಗುವ ಮುಂಚೆ ಮುರಿದು ತರುತ್ತೇವೆ. ಇಲ್ಲೂ ಅಷ್ಟೇ. ನೆಲದೊಳಗೆ ಬೇರಿನ ಬುಡ ವರ್ಷಗಟ್ಟಲೆ ಬದುಕಿರುತ್ತದೆ. ಅದರಿಂದ ಪೆನ್ಸಿಲ್ ಗಾತ್ರದ ಕಡ್ಡಿಗಳು ಮೇಲೇಳುತ್ತವೆ. ಒಂದು ಗೇಣು ಬಂದಾಗ ಕೊಯ್ಯುತ್ತಾರೆ. ಬಿಟ್ಟರೆ ಅದೇ ಕಡ್ಡಿ ಕವಲೊಡೆದು, ಸಬ್ಬಸಿಗೆ ಸೊಪ್ಪಿನಂಥ ನವಿರಾದ ಪೊದೆಯಾಗಿ, ನಾಲ್ಕೈದು ಅಡಿ ಎತ್ತರ ನಿಲ್ಲುತ್ತದೆ. ಹೆಣ್ಣು ಗಿಡದಲ್ಲಿ ಕೆಂಪು ಹಣ್ಣು ಬಿಡುತ್ತವೆ. ನೋಡಲು ಚೆಂದ, ಆದರೆ ತಿನ್ನುವಂಥದ್ದಲ್ಲ. ಮಕ್ಕಳಿಗೆ ಹೇಳಿಡಿ.

ಶತಾವರಿ ಅಂದರೆ ಇದೇನಾ?

ದಾಯಾದಿ, ಆದರೆ ಅದೇ ಅಲ್ಲ. ನಾವು ತಿನ್ನುವ ತರಕಾರಿ ಆಸ್ಪರಾಗಸ್ ಅಫಿಸಿನಾಲಿಸ್. ನಮ್ಮ ಕಾಡು ಬೇಲಿಗಳಲ್ಲಿ ಮುಳ್ಳು ಬಳ್ಳಿಯಾಗಿ ಹಬ್ಬುವ ಶತಾವರಿ ಆಸ್ಪರಾಗಸ್ ರೇಸಿಮೋಸಸ್. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಹಲವು ಮಕ್ಕಳ ತಾಯಿ ಬೇರು, ಮಜ್ಜಿಗೆ ಗೆಡ್ಡೆ ಅಂತೆಲ್ಲ ಹೆಸರಿದೆ. ಅಗೆದರೆ ಒಂದೇ ಬುಡದಿಂದ ಬೆರಳಿನಂಥ ಗೆಡ್ಡೆಗಳ ಗೊಂಚಲು ಬರುತ್ತದೆ, ಹಾಗಾಗಿ ಆ ಹೆಸರು.

ಶತಾವರಿಯಲ್ಲಿ ಬಳಸುವುದು ಬೇರನ್ನು, ಔಷಧಿಗೆ. ಆಸ್ಪರಾಗಸ್‌ನಲ್ಲಿ ಬಳಸುವುದು ಚಿಗುರನ್ನು, ಅಡಿಗೆಗೆ. ಆದ್ದರಿಂದ ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಸೂಪರ್ ಮಾರ್ಕೆಟ್ಟಿನ ಆಸ್ಪರಾಗಸ್ ತಿನ್ನಿಸುವುದರಲ್ಲಿ ಅರ್ಥವಿಲ್ಲ. ಶತಾವರಿ ಪುಡಿ ತಿಂದು "ತರಕಾರಿ ತಿಂದ ಹಾಗಾಯ್ತು" ಅನ್ನುವುದರಲ್ಲೂ ಅರ್ಥವಿಲ್ಲ. ಅಂಗಡಿಯ ಚೀಟಿಯಲ್ಲಿ ಕೆಲವೊಮ್ಮೆ ಎರಡನ್ನೂ ಶತಾವರಿ ಎಂದೇ ಬರೆದಿರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಹೂವಿನವರು ಬೊಕೆಗೆ ಸೇರಿಸುವ ಹಸಿರು ಎಲೆಯೂ ಆಸ್ಪರಾಗಸ್ ಅಂತಾರಲ್ಲ?

ಹೌದು, ಅದೂ ಇದೇ ಕುಲದ್ದು. ಕುಂಡದಲ್ಲಿ ಅಲಂಕಾರಕ್ಕೆ ಬೆಳೆಸುತ್ತಾರಲ್ಲ, ಆ ಜಾತಿ. ಅಡಿಗೆಮನೆಗೆ ಬೇಡ.

ಬೆಂಗಳೂರಿನಲ್ಲಿ ಇದಕ್ಕೆ ಸೀಸನ್ ಅಂತ ಇದೆಯಾ?

ಅವರೆಕಾಯಿಗೆ ಇರುವಂಥ ಸೀಸನ್ ಇಲ್ಲ. ಡಿಸೆಂಬರ್ ಬಂತು, ಸೊಗಡು ಬಂತು ಅಂತ ಮೂಗೇ ಹೇಳಿಬಿಡುವ ಹಾಗೆ ಇದು ಬರುವುದಿಲ್ಲ. ನಮ್ಮ ಊರಿಗೆ ಇದು ತಂಪು ಗುಡ್ಡಗಾಡಿನ ತೋಟಗಳಿಂದಲೋ, ಹೊರದೇಶದಿಂದ ವಿಮಾನದಲ್ಲೋ ಬರುತ್ತದೆ. ಆದ್ದರಿಂದ ವರ್ಷವಿಡೀ ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ.

ಚಳಿ ದೇಶಗಳಲ್ಲಿ ಕತೆ ಬೇರೆ. ಚಳಿಗಾಲವೆಲ್ಲ ಗಿಡ ಮಲಗಿರುತ್ತದೆ. ಬೇರಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚು ಮಾಡಿ ವಸಂತದಲ್ಲಿ ಒಮ್ಮೆಲೇ ಚಿಗುರುತ್ತದೆ. ಜರ್ಮನಿಯಲ್ಲಿ ಏಪ್ರಿಲ್ ಹೊತ್ತಿಗೆ ಕೊಯ್ಲು ಶುರುವಾಗುತ್ತದೆ, ಜೂನ್ 24ಕ್ಕೆ ಮುಗಿಸುವುದು ರೂಢಿ. ಅಲ್ಲಿಗೆ ಕೆಲಸಕ್ಕೆ ಹೋದ ನನ್ನ ತಂಗಿ ಹೇಳುವ ಪ್ರಕಾರ ಆ ಎರಡು ತಿಂಗಳು ಎಲ್ಲ ಹೋಟೆಲಿನಲ್ಲೂ ಅದರದ್ದೇ ಮಾತು, ನಮ್ಮಲ್ಲಿ ಮಾವಿನ ಕಾಲದಲ್ಲಿ ಇರುತ್ತದಲ್ಲ, ಹಾಗೆ. ಜೂನ್ ಕಳೆದ ಮೇಲೆ ಯಾಕೆ ಕೊಯ್ಯುವುದಿಲ್ಲ ಅಂದರೆ, ಉಳಿದ ಚಿಗುರು ಪೊದೆಯಾಗಿ ಬೆಳೆದು ಬಿಸಿಲು ಉಂಡು ಮುಂದಿನ ವರ್ಷಕ್ಕೆ ಬೇರಿಗೆ ಆಹಾರ ಸೇರಿಸಬೇಕು. ಎಲ್ಲವನ್ನೂ ಕೊಯ್ದುಬಿಟ್ಟರೆ ಗಿಡ ಬಡವಾಗುತ್ತದೆ.

ಜಗತ್ತಿನಲ್ಲಿ ಹೆಚ್ಚು ಬೆಳೆಯುವುದು ಚೀನಾ. ಪೆರು ದೇಶದ ಮರಳುಗಾಡಿನ ಕರಾವಳಿಯಲ್ಲಿ ನೀರು ಹಾಯಿಸಿ, ಬೇಕಾದಾಗ ನೀರು ನಿಲ್ಲಿಸಿ, ವರ್ಷವಿಡೀ ಕೊಯ್ಯುತ್ತಾರೆ. ಹಾಗಾಗಿ ಬೆಂಗಳೂರಿನವರು ತಿಂಗಳು ನೋಡುವುದಕ್ಕಿಂತ ಕಡ್ಡಿ ನೋಡುವುದು ಒಳ್ಳೆಯದು.

ಎಲ್ಲಿ ಸಿಗುತ್ತದೆ?

ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ, ಬ್ರೊಕೊಲಿ ಮತ್ತು ಕೆಂಪು ಎಲೆಕೋಸಿನ ಪಕ್ಕ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಇಂಥ ತರಕಾರಿ ಇಡುವವರಿದ್ದಾರೆ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲೂ ಸಿಗುತ್ತದೆ. ಆದರೆ ನಾನು ಆ್ಯಪ್‌ನಲ್ಲಿ ತರಿಸುವುದಿಲ್ಲ. ಮುಟ್ಟಿ ನೋಡದೆ ತರುವ ತರಕಾರಿ ಇದಲ್ಲ. ಒಮ್ಮೆ ಹಾಗೆ ತರಿಸಿದಾಗ ತುದಿಯೆಲ್ಲ ಲೋಳೆಯಾಗಿತ್ತು. ದುಡ್ಡು ವಾಪಸ್ ಬಂತು, ಆದರೆ ಆ ರಾತ್ರಿಯ ಪಲ್ಯಕ್ಕೆ ಮತ್ತೆ ಬೀನ್ಸೇ ಗತಿಯಾಯಿತು.

ತಾಜಾ ಅಂತ ಗುರುತಿಸುವುದು ಹೇಗೆ?

ಮೊದಲು ತುದಿ ನೋಡಿ. ಮೊಗ್ಗಿನ ಹಾಗೆ ಬಿಗಿಯಾಗಿ ಮುಚ್ಚಿಕೊಂಡಿರಬೇಕು, ಒದ್ದೆ ಇರಬಾರದು. ಬಿಚ್ಚಿಕೊಂಡಿದ್ದರೆ ವಯಸ್ಸಾಗಿದೆ. ಒದ್ದೆಯಾಗಿ ಕಪ್ಪಾಗಿದ್ದರೆ ಕೊಳೆಯಲು ಶುರುವಾಗಿದೆ, ಬಿಟ್ಟುಬಿಡಿ. ಆಮೇಲೆ ಕಟ್ಟನ್ನು ತಿರುಗಿಸಿ ಬುಡ ನೋಡಿ. ಒಣಗಿ ಬಿರುಕು ಬಿಟ್ಟು ಮರದ ತುಂಡಿನ ಹಾಗಿದ್ದರೆ ಬಂದು ಬಹಳ ದಿನವಾಗಿದೆ. ಕೊನೆಗೆ ಎರಡು ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿ. ತಾಜಾ ಆಗಿದ್ದರೆ ಕಿರ್ ಕಿರ್ ಅನ್ನುತ್ತದೆ. ಬೆಂಡೆಕಾಯಿ ತುದಿ ಮುರಿದು ನೋಡಿದರೆ ಅಂಗಡಿಯವರು ಗದರುತ್ತಾರೆ, ಇದನ್ನು ಉಜ್ಜಿ ನೋಡಿದರೆ ಇನ್ನೂ ಯಾರೂ ಗದರಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಕೊಯ್ದ ಮೇಲೂ ಈ ಕಡ್ಡಿ ಭರದಿಂದ ಉಸಿರಾಡುತ್ತದೆ. ತರಕಾರಿಗಳಲ್ಲಿ ಅತಿ ಜೋರಾಗಿ ಉಸಿರಾಡುವವುಗಳಲ್ಲಿ ಇದೂ ಒಂದು. ಉಸಿರಾಡಲು ತನ್ನೊಳಗಿನ ಸಕ್ಕರೆಯನ್ನೇ ಸುಡುತ್ತದೆ. ಹಾಗಾಗಿ ದಿನ ಕಳೆದಂತೆ ಸಿಹಿ ಕಡಿಮೆಯಾಗುತ್ತದೆ, ಬುಡದಿಂದ ನಾರು ಗಟ್ಟಿಯಾಗುತ್ತಾ ಮೇಲೇರುತ್ತದೆ. ಸೆಕೆ ಇದ್ದಷ್ಟೂ ಬೇಗ. ಮಾರ್ಚ್ ಏಪ್ರಿಲ್‌ನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಊರು ಸುತ್ತಿ ಮನೆಗೆ ತಂದರೆ ಅಷ್ಟರಲ್ಲೇ ಬಾಡಿರುತ್ತದೆ.

ದಪ್ಪ ಕಡ್ಡಿ ಬಲಿತದ್ದು, ತೆಳ್ಳಗಿನದು ಎಳೆಯದು ಅಲ್ವಾ?

ಅಲ್ಲ. ಬೆಂಡೆ, ಹೀರೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪ ಕಡ್ಡಿ ನೆಲದಿಂದ ಬರುವಾಗಲೇ ದಪ್ಪಗೆ ಬರುತ್ತದೆ. ಗಿಡದ ವಯಸ್ಸು, ಶಕ್ತಿ, ತಳಿಯ ಮೇಲೆ ಅದು ನಿಂತಿದೆ. ದಪ್ಪ ಕಡ್ಡಿಯ ಒಳಗೆ ತಿರುಳು ಜಾಸ್ತಿ, ರಸ ಜಾಸ್ತಿ. ತೆಳ್ಳಗಿನದು ಬೇಗ ಬೇಯುತ್ತದೆ, ಬೇಗ ಕೈ ತಪ್ಪಿಯೂ ಹೋಗುತ್ತದೆ. ಮೊದಲ ಸಲ ಮಾಡುವವರಿಗೆ ಕಿರುಬೆರಳಿನ ಗಾತ್ರದ್ದು ಅನುಕೂಲ. ಒಂದು ಕಟ್ಟಿನಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ ಇರಲಿ, ಇಲ್ಲದಿದ್ದರೆ ಅರ್ಧ ಬೆಂದು ಅರ್ಧ ಹಸಿ ಉಳಿಯುತ್ತದೆ.

ಬಿಳಿ ಮತ್ತು ನೇರಳೆ ಬಣ್ಣದ್ದು ಬೇರೆ ತರಕಾರಿಯಾ?

ಬಿಳಿಯದು ಹಸಿರಿನದೇ ಗಿಡ. ಚಿಗುರಿನ ಮೇಲೆ ಮಣ್ಣು ಏರಿಸಿ ಬಿಸಿಲು ಬೀಳದ ಹಾಗೆ ಮುಚ್ಚುತ್ತಾರೆ. ಬೆಳಕು ಕಾಣದ್ದರಿಂದ ಹಸಿರು ಬಣ್ಣ ಬರುವುದಿಲ್ಲ. ಸಿಪ್ಪೆ ಗಟ್ಟಿ, ತೆಗೆಯಲೇಬೇಕು. ನೇರಳೆಯದು ಬೇರೆ ತಳಿ. ಬದನೆ ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್ ಗುಂಪಿನ ಬಣ್ಣವೇ ಇದರಲ್ಲೂ ಇದೆ. ಬೇಯಿಸಿದರೆ ಹಸಿರಾಗಿಬಿಡುತ್ತದೆ, ದುಡ್ಡು ಕೊಟ್ಟು ತಂದ ಬಣ್ಣ ಮಾಯ. ತಂದರೆ ಕೋಸಂಬರಿಗೆ ಹಸಿಯಾಗಿ ಹಾಕಿ.

ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು?

ಹೂವಿನ ಹಾಗೆ ನೋಡಿಕೊಂಡರೆ ಮೂರು ನಾಲ್ಕು ದಿನ. ಬುಡವನ್ನು ಅರ್ಧ ಬೆರಳು ಕತ್ತರಿಸಿ, ಲೋಟದಲ್ಲಿ ಒಂದು ಅಂಗುಲ ನೀರು ಹಾಕಿ ನಿಲ್ಲಿಸಿ. ಮೇಲೆ ಕವರನ್ನು ಸಡಿಲವಾಗಿ ಹೊದಿಸಿ ಫ್ರಿಜ್ಜಿನಲ್ಲಿಡಿ. ನೀರು ಮಬ್ಬಾದರೆ ಬದಲಾಯಿಸಿ. ಲೋಟ ನಿಲ್ಲಿಸಲು ಜಾಗವಿಲ್ಲದಿದ್ದರೆ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ.

ಮಲಗಿಸಿಟ್ಟು ನೋಡಿ, ಒಂದು ತಮಾಷೆ ಕಾಣುತ್ತದೆ. ಮರುದಿನದ ಹೊತ್ತಿಗೆ ತುದಿಗಳು ಮೇಲಕ್ಕೆ ಬಾಗಿರುತ್ತವೆ. ಬೇರಿಲ್ಲ, ನೆಲವಿಲ್ಲ, ಆದರೂ ಮೇಲೆ ಯಾವುದು ಅಂತ ಅದಕ್ಕೆ ಗೊತ್ತು. ಇನ್ನೊಂದು ವಿಷಯ. ಹಣ್ಣಾದ ಬಾಳೆ, ಸೇಬಿನ ಪಕ್ಕ ಇಡಬೇಡಿ. ಆ ಹಣ್ಣುಗಳು ಬಿಡುವ ಎಥಿಲೀನ್ ಗಾಳಿಯಿಂದ ನಾರು ಇನ್ನೂ ಬೇಗ ಬಲಿಯುತ್ತದೆ.

ಬುಡವನ್ನು ಎಷ್ಟು ಬಿಸಾಡಬೇಕು?

ಕಡ್ಡಿಯನ್ನು ಬಗ್ಗಿಸಿದರೆ ಎಲ್ಲಿ ಪಟ್ ಅಂತ ಮುರಿಯುತ್ತದೋ ಅಲ್ಲಿಂದ ಕೆಳಗಿನದು ಬೇಡ ಅಂತ ಅಡಿಗೆ ವಿಡಿಯೋಗಳಲ್ಲಿ ತೋರಿಸುತ್ತಾರೆ. ಈ ಬೆಲೆಗೆ ತಂದ ತರಕಾರಿಯನ್ನು ಹಾಗೆ ಮುರಿದರೆ ಒಳ್ಳೆಯ ಭಾಗವೂ ಹೋಗುತ್ತದೆ. ಎಲ್ಲಿ ಹಿಡಿದು ಬಗ್ಗಿಸುತ್ತೀರೋ ಅದರ ಮೇಲೆ ಮುರಿಯುವ ಜಾಗವೂ ಬದಲಾಗುತ್ತದೆ. ನಾನು ಕೆಳಗಿನ ಒಂದು ಅಂಗುಲ ಮಾತ್ರ ಕತ್ತರಿಸಿ, ಅದರ ಮೇಲಿನ ಎರಡು ಅಂಗುಲದ ಸಿಪ್ಪೆಯನ್ನು ನುಗ್ಗೆಕಾಯಿಗೆ ಹೆರೆದ ಹಾಗೆ ತೆಳ್ಳಗೆ ಹೆರೆಯುತ್ತೇನೆ. ಕತ್ತರಿಸಿದ ಬುಡ, ಸಿಪ್ಪೆ ಎಲ್ಲವನ್ನೂ ತೊಳೆದು ನೀರಲ್ಲಿ ಕುದಿಸಿ ಸೋಸಿದರೆ ಸಾರಿಗೆ ಒಳ್ಳೆಯ ಕಟ್ಟು ಆಗುತ್ತದೆ. ತುದಿಯ ಪದರಗಳಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ. ಹೆಚ್ಚುವ ಮುಂಚೆ ನೀರಲ್ಲಿ ಅದ್ದಿ ಚೆನ್ನಾಗಿ ಅಲುಗಾಡಿಸಿ.

ಎಷ್ಟು ಹೊತ್ತು ಬೇಯಿಸಬೇಕು? ನನ್ನದು ಯಾವಾಗಲೂ ಕಂದು ಹಸಿರಾಗುತ್ತದೆ.

ಕುಕ್ಕರ್ ಮರೆತುಬಿಡಿ. ಉಪ್ಪು ಹಾಕಿ ಕುದಿಯುವ ನೀರಿನಲ್ಲಿ ತೆಳ್ಳಗಿನದಕ್ಕೆ ಎರಡು ನಿಮಿಷ, ದಪ್ಪದ್ದಕ್ಕೆ ಮೂರು ನಾಲ್ಕು. ಬಾಣಲೆಯಲ್ಲಿ ಎಣ್ಣೆ ಹಾಕಿ ಬಾಡಿಸುವುದಾದರೆ ಐದಾರು ನಿಮಿಷ. ಕಚ್ಚಿದರೆ ಸ್ವಲ್ಪ ಕರುಂ ಅನ್ನಬೇಕು.

ಕಂದು ಬಣ್ಣಕ್ಕೆ ಕಾರಣ ಎರಡು, ಜಾಸ್ತಿ ಬಿಸಿ ಮತ್ತು ಹುಳಿ. ಸೊಪ್ಪಿನ ಹಸಿರು ಬಣ್ಣದ ಕಣದ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಬಹಳ ಹೊತ್ತು ಕಾದರೆ, ಇಲ್ಲವೇ ಹುಳಿ ತಾಗಿದರೆ, ಅದು ಕಳಚಿಕೊಂಡು ಬಣ್ಣ ಮಂಕಾಗುತ್ತದೆ. ಮುಚ್ಚಳ ಮುಚ್ಚಿದರೆ ತರಕಾರಿಯಿಂದ ಬರುವ ಹುಳಿಯ ಅಂಶ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮುಚ್ಚಳ ತೆರೆದಿಡಿ, ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಸೋಡಾ ಪುಡಿ ಹಾಕಿದರೆ ಬಣ್ಣವೇನೋ ಉಳಿಯುತ್ತದೆ. ಆದರೆ ತರಕಾರಿ ಮೆತ್ತಗಾಗುತ್ತದೆ, ವಿಟಮಿನ್ ಹಾಳಾಗುತ್ತದೆ. ಬೇಯಿಸಿದ ನೀರು ಚೆಲ್ಲಬೇಡಿ. ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್), ಸಿ ವಿಟಮಿನ್ ಎರಡೂ ನೀರಿಗೆ ಇಳಿಯುವಂಥವು, ಆ ನೀರು ಬೇಳೆಗೋ ಚಪಾತಿ ಹಿಟ್ಟಿಗೋ ಹೋಗಲಿ.

ನಮ್ಮ ಅಡಿಗೆಗೆ ಹೊಂದುತ್ತದಾ? ಬೆಣ್ಣೆ, ಚೀಸ್ ಎಲ್ಲ ನಮಗೆ ಸೇರುವುದಿಲ್ಲ.

ಹೊಂದುತ್ತದೆ, ಆದರೆ ಎಲ್ಲಕ್ಕೂ ಅಲ್ಲ. ಹುಳಿ, ಗೊಜ್ಜು, ಮಜ್ಜಿಗೆಹುಳಿಗೆ ಹಾಕಿ ನೋಡಿ ಬಿಟ್ಟಿದ್ದೇನೆ. ಹುಣಸೆಹಣ್ಣು, ಸಾರಿನಪುಡಿಯ ಮುಂದೆ ಇದರ ಮೆಲುದನಿ ಕೇಳಿಸುವುದೇ ಇಲ್ಲ. ಮಸಾಲೆ ಜಾಸ್ತಿ ಬಿದ್ದ ಕಡೆ ಹುರುಳಿಕಾಯಿಯೇ ಸಾಕು.

ನಮ್ಮ ಮನೆಯಲ್ಲಿ ಗೆದ್ದದ್ದು ಸಾದಾ ಪಲ್ಯ. ಅರ್ಧ ಬೆರಳುದ್ದ ಹೆಚ್ಚಿ, ತುದಿಗಳನ್ನು ಬೇರೆ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು. ಬೇಳೆ ಕೆಂಪಾದ ಮೇಲೆ ಕಡ್ಡಿಯ ಚೂರು ಹಾಕಿ, ಉಪ್ಪು ಹಾಕಿ, ಉರಿ ಜೋರಿಟ್ಟು ಮೂರು ನಿಮಿಷ ಕೈಯಾಡಿಸಿ. ಆಮೇಲೆ ತುದಿ ಸೇರಿಸಿ ಇನ್ನೊಂದು ನಿಮಿಷ. ಇಳಿಸಿ, ಹಸಿ ಕಾಯಿತುರಿ, ನಿಂಬೆ. ನೀರು ಒಂದು ಹನಿಯೂ ಬೇಡ. ಬಿಸಿ ಅನ್ನ, ತಿಳಿಸಾರಿನ ಪಕ್ಕ ಇದನ್ನು ಬಡಿಸಿದ ದಿನ ಅತ್ತೆ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಹುಲ್ಲಿನ ಮಾತು ಅವತ್ತಿಗೆ ಮುಗಿಯಿತು.

ತೊವ್ವೆಗೂ ಚೆನ್ನ. ಬೆಂದ ಹೆಸರುಬೇಳೆಗೆ ಕೊನೆಯ ಮೂರು ನಿಮಿಷ ಇರುವಾಗ ಚೂರು ಹಾಕಿ, ಹಸಿಮೆಣಸಿನಕಾಯಿ, ಶುಂಠಿ, ತುಪ್ಪದ ಒಗ್ಗರಣೆ. ಅಕ್ಕಿರೊಟ್ಟಿಗೆ ಸಣ್ಣಗೆ ಹೆಚ್ಚಿ ಸಬ್ಬಸಿಗೆ ಜೊತೆ ಕಲಸಬಹುದು. ತುಂಬಾ ತಾಜಾ ಇದ್ದರೆ ಸಿಪ್ಪೆ ಹೆರೆಯುವ ಹತ್ಯಾರದಲ್ಲೇ ಉದ್ದುದ್ದ ಹೆರೆದು, ನೆನೆಸಿದ ಹೆಸರುಬೇಳೆ ಕೋಸಂಬರಿಗೆ ಹಸಿಯಾಗಿ ಬೆರೆಸಿ. ಸಿಹಿ ಬಟಾಣಿಯ ರುಚಿ ನೆನಪಾಗುತ್ತದೆ.

ಆರೋಗ್ಯಕ್ಕೆ ನಿಜವಾಗಿ ಏನು ಸಿಗುತ್ತದೆ?

100 ಗ್ರಾಂ ಹಸಿ ಆಸ್ಪರಾಗಸ್ ತೆಗೆದುಕೊಳ್ಳಿ, ಮಧ್ಯಮ ಗಾತ್ರದ್ದಾದರೆ ಆರೇಳು ಕಡ್ಡಿ. ಅದರಲ್ಲಿ ಸುಮಾರು 93 ಗ್ರಾಂ ನೀರೇ. 20 ಕ್ಯಾಲೊರಿ, 2 ಗ್ರಾಂಗೆ ತುಸು ಮೇಲೆ ಪ್ರೋಟೀನ್, ಅಷ್ಟೇ ನಾರಿನಂಶ, ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ, 2 ಮಿಲಿಗ್ರಾಂ ಕಬ್ಬಿಣ. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಎದ್ದು ಕಾಣುವುದು ಎರಡು: ಫೋಲೇಟ್ ಸುಮಾರು 52 ಮೈಕ್ರೋಗ್ರಾಂ, ಕೆ ವಿಟಮಿನ್ ಸುಮಾರು 42 ಮೈಕ್ರೋಗ್ರಾಂ. ಹೊಸ ರಕ್ತಕಣ ಆಗಲು ಫೋಲೇಟ್ ಬೇಕು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಕೆ ವಿಟಮಿನ್ ಬೇಕು.

ಇದರ ನಾರಿನಲ್ಲಿ ಇನ್ಯುಲಿನ್ ಎಂಬ ಜಾತಿಯದೂ ಇದೆ. ನಮ್ಮ ಹೊಟ್ಟೆ ಅದನ್ನು ಅರಗಿಸುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿದು ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೇ ಇದೆ.

ಸಿ ವಿಟಮಿನ್ ಬಗ್ಗೆ ಜನ ದೊಡ್ಡದಾಗಿ ಹೇಳುತ್ತಾರೆ. ಇರುವುದು ಐದಾರು ಮಿಲಿಗ್ರಾಂ ಅಷ್ಟೇ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200 ದಾಟುತ್ತದೆ. ಹೋಲಿಸಲೂ ಬಾರದು.

ಗರ್ಭಿಣಿಯರು ತಿನ್ನಬಹುದಾ?

ಚೆನ್ನಾಗಿ ತೊಳೆದು ಬೇಯಿಸಿ ಧಾರಾಳವಾಗಿ ತಿನ್ನಬಹುದು. ಆದರೆ "ಫೋಲೇಟ್ ಇದೆ, ಮಾತ್ರೆ ಯಾಕೆ" ಅನ್ನಬೇಡಿ. ಮಗುವಿನ ಮೆದುಳು ಮತ್ತು ಬೆನ್ನುಹುರಿಯ ನಾಳ ಗರ್ಭ ನಿಂತ ಮೊದಲ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಆಗ ಬಸುರಿ ಅಂತ ಗೊತ್ತೂ ಇರುವುದಿಲ್ಲ. ಅದಕ್ಕೇ ಮಗು ಬೇಕು ಅಂತ ಯೋಚಿಸುವಾಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ (ಮಾತ್ರೆಯಲ್ಲಿರುವ ಫೋಲೇಟ್) ತೆಗೆದುಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಅಷ್ಟು ಆಸ್ಪರಾಗಸ್‌ನಿಂದಲೇ ಬರಬೇಕಾದರೆ ದಿನಕ್ಕೆ ಮುಕ್ಕಾಲು ಕಿಲೋಗೂ ಹೆಚ್ಚು ತಿನ್ನಬೇಕು. ಮಾತ್ರೆ ಮಾತ್ರೆಯೇ, ಪಲ್ಯ ಪಲ್ಯವೇ.

ಶುಗರ್, ಬಿಪಿ ಇರುವವರಿಗೆ?

ಒಳ್ಳೆಯದೇ. 100 ಗ್ರಾಂನಲ್ಲಿ ನಾಲ್ಕು ಗ್ರಾಂನಷ್ಟು ಮಾತ್ರ ಪಿಷ್ಟ ಸಕ್ಕರೆ ನಾರೆಲ್ಲ ಸೇರಿ ಇರುವುದರಿಂದ ಶುಗರ್ ಏರಿಸುವುದಿಲ್ಲ. ಏರಿಸದಿರುವುದು ಬೇರೆ, ಇಳಿಸುವುದು ಬೇರೆ. ಇದನ್ನು ತಿಂದೆ ಅಂತ ಶುಗರ್ ಮಾತ್ರೆ ಬಿಡಬೇಡಿ. ಬಿಪಿಯವರು ಬೇಯಿಸುವ ನೀರಿಗೆ ಉಪ್ಪು ಕಡಿಮೆ ಹಾಕಿ, ಅಷ್ಟೇ.

ಯಾರು ಹುಷಾರಾಗಿರಬೇಕು?

ರಕ್ತ ತೆಳುವಾಗಲು ವಾರ್ಫರಿನ್, ಅಸಿನೋಕೌಮರಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ಆ ಮಾತ್ರೆ ಕೆಲಸ ಮಾಡುವುದೇ ಕೆ ವಿಟಮಿನ್ನಿಗೆ ಅಡ್ಡ ನಿಂತು. ಹೃದಯದ ವಾಲ್ವ್ ಬದಲಾಯಿಸಿಕೊಂಡ ನಮ್ಮ ದೊಡ್ಡಪ್ಪ ಹಸಿರು ತರಕಾರಿ ಅಂದರೆ ಓಡುತ್ತಿದ್ದರು. ಓಡಬೇಕಾಗಿಲ್ಲ ಅಂತ ಅವರ ಡಾಕ್ಟರೇ ಹೇಳಿದರು. ದಿನಾ ತಿನ್ನುವ ಹಸಿರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ಒಂದು ವಾರ ಬರೀ ಅನ್ನ ಮೊಸರು, ಇನ್ನೊಂದು ವಾರ ದಿನಾ ಸೊಪ್ಪು, ಆಸ್ಪರಾಗಸ್ ಆದರೆ ರಕ್ತ ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ.

ಕಿಡ್ನಿ ತೊಂದರೆಗೆ ಪೊಟ್ಯಾಸಿಯಂ ಅಳೆದು ತಿನ್ನುವವರು ಡಾಕ್ಟರನ್ನು ಕೇಳಿ. ಈರುಳ್ಳಿ, ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವವರಿಗೆ ಇದೂ ಉಬ್ಬರಿಸಬಹುದು, ಎರಡು ಮೂರು ಕಡ್ಡಿಯಿಂದ ಶುರು ಮಾಡಿ.

ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ವಾಟ್ಸಾಪ್ ಬಂದಿತ್ತು. ಕ್ಯಾನ್ಸರ್ ಹರಡುತ್ತದೆ ಅಂತಲೂ ಬಂದಿತ್ತು. ಯಾವುದು ನಿಜ?

ಎರಡೂ ಅಲ್ಲ. ವಾಸಿ ಮಾಡುತ್ತದೆ ಎಂಬ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಿದೆ. ಅದಕ್ಕೆ ಆಧಾರವಿಲ್ಲ.

ಹರಡುತ್ತದೆ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. 1806ರಲ್ಲಿ ಪ್ಯಾರಿಸ್ಸಿನ ವಾಕ್ಲಾಂ ಮತ್ತು ರೋಬಿಕೆ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಆಸ್ಪರಾಗಸ್ ರಸದಿಂದ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಯಂಥದ್ದು, ಬೇರ್ಪಡಿಸಿದರು. ಅಮೈನೋ ಆಮ್ಲಗಳಲ್ಲಿ ಮೊದಲು ಸಿಕ್ಕಿದ್ದೇ ಅದು. ತರಕಾರಿಯ ಹೆಸರಿನಿಂದಲೇ ಅದಕ್ಕೆ ಆಸ್ಪರಜೀನ್ ಅಂತ ಹೆಸರಾಯಿತು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಇಲಿಗಳಲ್ಲಿ ಆಸ್ಪರಜೀನ್ ಕಡಿಮೆ ಮಾಡಿದರೆ ಸ್ತನ ಕ್ಯಾನ್ಸರ್ ಹರಡುವುದು ತಗ್ಗುತ್ತದೆ ಎಂದಿತು. ಹೆಸರು ಒಂದೇ ಥರ ಇದ್ದದ್ದರಿಂದ ಪಾಪ ತರಕಾರಿಯ ತಲೆಗೆ ಬಂತು. ಆಸ್ಪರಜೀನ್ ಹಾಲು, ಮೊಟ್ಟೆ, ಬೇಳೆಕಾಳು, ಆಲೂಗಡ್ಡೆ ಎಲ್ಲದರಲ್ಲೂ ಇದೆ. ನಮ್ಮ ಮೈ ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ ಕೂಡ. ಪಲ್ಯ ಬಿಟ್ಟರೆ ಅದು ತಪ್ಪುವುದಿಲ್ಲ. ಚಿಕಿತ್ಸೆಯಲ್ಲಿರುವವರು ಊಟದ ವಿಷಯ ಆಸ್ಪತ್ರೆಯವರನ್ನೇ ಕೇಳಲಿ.

ತಿಂದ ಮೇಲೆ ಮೂತ್ರ ವಾಸನೆ ಬರುತ್ತದೆ. ಹೆದರಬೇಕಾ?

ಬೇಡ. ಫೋನಿನಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಆಸ್ಪರಾಗಸ್‌ನಲ್ಲಿ ಗಂಧಕ ಇರುವ ಒಂದು ಆಮ್ಲವಿದೆ, ಹೆಸರು ಆಸ್ಪರಗ್ಯೂಸಿಕ್ ಆ್ಯಸಿಡ್. ಅದು ಹೊಟ್ಟೆಯಲ್ಲಿ ಒಡೆದು ಬೇಗ ಆವಿಯಾಗುವ ಗಂಧಕದ ಚೂರುಗಳಾಗುತ್ತದೆ. ಅರ್ಧ ಗಂಟೆಯೊಳಗೇ ಕೊಳೆತ ಎಲೆಕೋಸಿನಂಥ ವಾಸನೆ ಬರಬಹುದು. ಕೆಲವು ಗಂಟೆಗಳಲ್ಲಿ ಹೋಗುತ್ತದೆ.

"ನನಗೇನೂ ಬರಲ್ಲಪ್ಪ" ಅನ್ನುವವರು ಬಹಳ. ಅವರಿಗೆ ವಾಸನೆ ಬಂದರೂ ಮೂಗಿಗೆ ತಿಳಿಯದಿರಬಹುದು. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, ಸುಮಾರು 6,900 ಜನರ ಅಧ್ಯಯನದಲ್ಲಿ ಹತ್ತರಲ್ಲಿ ನಾಲ್ಕು ಜನರಿಗೆ ಮಾತ್ರ ಆ ವಾಸನೆ ಗೊತ್ತಾಗುತ್ತಿತ್ತು. ಅದು ವಂಶವಾಹಿಯ ವಿಷಯ. ನಮ್ಮ ಮನೆಯಲ್ಲಿ ನನಗೂ ಮಗನಿಗೂ ಗೊತ್ತಾಗುತ್ತದೆ, ಯಜಮಾನರಿಗೆ ಇಲ್ಲ. ಅವರು ನಾವು ಸುಳ್ಳು ಹೇಳುತ್ತೇವೆ ಅಂತಲೇ ಅಂದುಕೊಂಡಿದ್ದಾರೆ.

ಇಷ್ಟು ದುಡ್ಡು ಕೊಡುವುದು ಸರಿಯಾ?

ಬರೀ ಪೌಷ್ಟಿಕತೆಗೆ ಅಂದರೆ ಸರಿಯಲ್ಲ. ಪಾಲಕ್ ಸೊಪ್ಪಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಫೋಲೇಟ್, ಕೆ ವಿಟಮಿನ್ ಇದೆ, ಹೆಸರುಕಾಳಿನಲ್ಲಿ ಫೋಲೇಟ್ ಜೊತೆ ಪ್ರೋಟೀನೂ ಇದೆ. ಒಂದು ಕಟ್ಟು ಆಸ್ಪರಾಗಸ್ ದುಡ್ಡಿಗೆ ತಳ್ಳುಗಾಡಿಯಲ್ಲಿ ನಾಲ್ಕೈದು ಕಟ್ಟು ಸೊಪ್ಪು ಬಂದು ಕೊತ್ತಂಬರಿ ಬಿಟ್ಟಿ ಸಿಗುತ್ತದೆ. ನಾನು ತರುವುದು ರುಚಿಗೆ, ತಿಂಗಳಿಗೊಮ್ಮೆ, ಅದೂ ಕಡ್ಡಿ ಚೆನ್ನಾಗಿ ಕಂಡರೆ. ಬಾಡಿದ್ದನ್ನು "ಹೆಲ್ದಿ" ಅಂತ ತಂದರೆ ರುಚಿಯೂ ಇಲ್ಲ, ದುಡ್ಡೂ ಇಲ್ಲ.

ಡಬ್ಬಿಯದು, ಫ್ರೋಜನ್?

ಡಬ್ಬಿಯದು ಮೆತ್ತಗೆ, ಉಪ್ಪು ಜಾಸ್ತಿ. ನನಗೆ ಸೇರುವುದಿಲ್ಲ. ಜಾಸ್ತಿ ತಂದುಬಿಟ್ಟಿದ್ದರೆ ಎರಡು ನಿಮಿಷ ಕುದಿಸಿ, ಐಸ್ ನೀರಿಗೆ ಹಾಕಿ, ಒರೆಸಿ ಫ್ರೀಜರಿನಲ್ಲಿಡಿ. ಕರುಂ ಅನ್ನುವುದು ಹೋಗಿರುತ್ತದೆ, ಸೂಪಿಗೆ, ತೊವ್ವೆಗೆ ನಡೆಯುತ್ತದೆ.

ಹಬ್ಬ, ವ್ರತದ ಅಡಿಗೆಗೆ?

ಶ್ರಾದ್ಧದ ಅಡಿಗೆಯಲ್ಲಿ ಆಲೂಗಡ್ಡೆ, ಹೂಕೋಸನ್ನೇ ಸೇರಿಸದ ಮನೆಗಳಿವೆ. ಅಲ್ಲಿ ಇದನ್ನು ಕೇಳುವುದೇ ಬೇಡ. ಉಳಿದ ದಿನಗಳಿಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ. ನೆಲದ ಮೇಲಿನ ಚಿಗುರು, ಗೆಡ್ಡೆ ಅಲ್ಲ ಅಂತ ಹೇಳಿ ಕೇಳಿ.

ಟೆರೇಸಿನ ಕುಂಡದಲ್ಲಿ ಬೆಳೆಯಬಹುದಾ?

ಬೆಳೆಯಬಹುದು, ತಾಳ್ಮೆ ಇದ್ದರೆ. ಬೀಜ ಸಿಗುತ್ತದೆ. ಒಂದೂವರೆ ಅಡಿ ಆಳದ ದೊಡ್ಡ ಕುಂಡ, ನೀರು ನಿಲ್ಲದ ಸಡಿಲ ಮಣ್ಣು, ಗೊಬ್ಬರ, ಒಳ್ಳೆಯ ಬಿಸಿಲು ಬೇಕು. ಮೊದಲ ಎರಡು ವರ್ಷ ಏನನ್ನೂ ಕೊಯ್ಯಬಾರದು, ಬೇರು ಬಲವಾಗಲಿ. ಮೂರನೇ ವರ್ಷ ಸ್ವಲ್ಪ ಸ್ವಲ್ಪ. ನೆಲದಲ್ಲಿ ಒಮ್ಮೆ ಹಿಡಿದರೆ ಹದಿನೈದು ವರ್ಷ ಕೊಡುವ ಗಿಡ ಇದು, ಕುಂಡದಲ್ಲಿ ಅಷ್ಟು ಬರುವುದಿಲ್ಲ. ಬೆಂಗಳೂರಿನ ಚಳಿ ಗಿಡವನ್ನು ಪೂರ್ತಿ ಮಲಗಿಸುವಷ್ಟಿಲ್ಲ, ಹಾಗಾಗಿ ಒಮ್ಮೆಲೇ ಚಿಗುರದೆ ಆಗೊಂದು ಈಗೊಂದು ಬರುತ್ತಿರುತ್ತದೆ. ಕೆಲವು ವಾರ ನೀರು ಕಡಿಮೆ ಮಾಡಿ, ಒಣಗಿದ ಪೊದೆ ಸವರಿ, ಮತ್ತೆ ನೀರು ಕೊಟ್ಟರೆ ಚಿಗುರು ಸ್ವಲ್ಪ ಒಟ್ಟಿಗೆ ಏಳುತ್ತದೆ.

ನಮ್ಮ ಕುಂಡಕ್ಕೆ ಈಗ ಎರಡನೇ ವರ್ಷ. ಮೊನ್ನೆ ಕಡ್ಡಿಯೊಂದು ಗೇಣುದ್ದ ಬಂದಿತ್ತು, ಬುಡದಲ್ಲಿ ಒಳ್ಳೆ ದಪ್ಪ. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದ ಅತ್ತೆ ಅದನ್ನು ನೋಡಿಕೊಂಡು ಬಂದು, "ಅದನ್ನ ಕಿತ್ತುಬಿಡ್ಲಾ, ಒಂದು ತೊವ್ವೆಗಾಗತ್ತೆ" ಅಂದರು. ಮುಂದಿನ ವರ್ಷ ಅಂತ ತಡೆದಿದ್ದೇನೆ. ನಾನು ಊರಿಗೆ ಹೋದಾಗ ಏನಾಗುತ್ತದೋ ಗೊತ್ತಿಲ್ಲ.